ಫ್ರೀನ್ ಗಿನ್ವಾಲಾ: ಬ್ಯಾರಿಸ್ಟರ್ ಪದವಿಯಿಂದ ಸಭಾಧ್ಯಕ್ಷ ಪೀಠದವರೆಗೆ

ಕಾನೂನು ವಿದ್ಯಾರ್ಥಿನಿ, ಮಂಗಳೂರು:
ದಕ್ಷಿಣ ಆಫ್ರಿಕಾದ ಸಂಸತ್ತಿನ ಮೊದಲ ಮಹಿಳಾ ಸಭಾಧ್ಯಕ್ಷೆ ಫ್ರೀನ್ ಗಿನ್ವಾಲಾ ಅವರ ಕುರಿತು ಕಾಲೇಜಿನಲ್ಲಿ ಪ್ರಬಂಧ ಮಂಡಿಸಬೇಕಾಗಿದೆ. ಭಾರತದಿಂದ ವಲಸೆ ಹೋದ ಪಾರ್ಸಿ ಮನೆತನದಲ್ಲಿ, 1932ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಆದವರು. ಆದರೆ ಅವರು ವಾದಿಸಿದ ದೊಡ್ಡ ಮೊಕದ್ದಮೆ ಯಾವುದೂ ನನಗೆ ಸಿಗಲಿಲ್ಲ. ಹಾಗಿದ್ದರೆ ಆ ಪೀಠಕ್ಕೆ ಅವರನ್ನು ಅಣಿಗೊಳಿಸಿದ್ದು ಯಾವುದು?

ನಿವೃತ್ತ ಉಪನ್ಯಾಸಕ, ಮಣಿಪಾಲ:
ನ್ಯಾಯಾಲಯವಲ್ಲ, ದೇಶಾಂತರವಾಸ. 1960ರಲ್ಲಿ ಕಪ್ಪು ಜನರ ಪ್ರತಿಭಟನೆಯ ಮೇಲೆ ಪೊಲೀಸರು ಗುಂಡು ಹಾರಿಸಿದ ಶಾರ್ಪ್‌ವಿಲ್ ಹತ್ಯಾಕಾಂಡದ ಬಳಿಕ, ವರ್ಣಭೇದ ನೀತಿಯ ವಿರುದ್ಧ ಹೋರಾಡುತ್ತಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಮೇಲೆ ನಿಷೇಧ ಬಿದ್ದಾಗ, ಅದರ ನಾಯಕ ಆಲಿವರ್ ಟಾಂಬೊ ದೇಶದಿಂದ ತಪ್ಪಿಸಿಕೊಂಡು ಹೋಗಲು ದಾರಿ ಹೊಂದಿಸಿದವರಲ್ಲಿ ಇವರೂ ಒಬ್ಬರು. ಮುಂದೆ ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ, ಅಲ್ಲಿನ ಅಧ್ಯಕ್ಷ ನ್ಯೆರೆರೆ ಅವರ ಸರ್ಕಾರವು ರಾಷ್ಟ್ರೀಕರಿಸಿದ ಪತ್ರಿಕೆಯ ಸಂಪಾದಕರಾದರು. ಆ ಹುದ್ದೆ ಬಹುಕಾಲ ಉಳಿಯಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದು, ನಿಷೇಧ ತೆರವಾದ ಮೇಲೆ ತಾಯ್ನಾಡಿಗೆ ಮರಳಿ, ಹೊಸ ಸಂವಿಧಾನದಲ್ಲಿ ಮಹಿಳೆಯರ ಹಕ್ಕುಗಳಿಗೆ ಸ್ಥಾನ ದೊರಕಬೇಕೆಂದು ಪಕ್ಷಭೇದವಿಲ್ಲದೆ ಮಹಿಳಾ ಸಂಘಟನೆಗಳನ್ನು ಒಟ್ಟುಗೂಡಿಸಿದರು. ಎದುರಾಳಿಗಳನ್ನೂ ಒಂದೇ ಮೇಜಿನ ಸುತ್ತ ಕೂರಿಸುವ ಈ ಅಭ್ಯಾಸವೇ, 1994ರಿಂದ 2004ರವರೆಗೆ ಸೀರೆಯುಟ್ಟು ಆ ಪೀಠದಲ್ಲಿ ಕುಳಿತವರ ನಿಜವಾದ ವಕೀಲಿಕೆ ಎಂದು ನನ್ನ ಎಣಿಕೆ.

ವಕೀಲರು, ಉಡುಪಿ:
ಮೆಚ್ಚುಗೆಯಲ್ಲೇ ನಿಲ್ಲಬೇಡಿ. ದಕ್ಷಿಣ ಆಫ್ರಿಕಾ ಸರ್ಕಾರದ ಶಸ್ತ್ರಾಸ್ತ್ರ ಖರೀದಿ ಹಗರಣದ ತನಿಖೆಯ ಸಮಯದಲ್ಲಿ, 2001ರ ಆಸುಪಾಸಿನಲ್ಲಿ, ಅವರು ಸದನಕ್ಕಿಂತ ಸರ್ಕಾರದ ಕಡೆಗೆ ವಾಲಿದರೆಂಬ ಟೀಕೆ ಬಂದಿತು. ಆಗ ಅಲ್ಲಿ ಸಂಸದರಿಗೆ ಕ್ಷೇತ್ರವಿರಲಿಲ್ಲ, ಪಕ್ಷದ ಪಟ್ಟಿಯಿಂದಲೇ ಆಯ್ಕೆಯಾಗುತ್ತಿತ್ತು. ಪಟ್ಟಿ ಬರೆಯುವವರನ್ನು ಎದುರು ಹಾಕಿಕೊಳ್ಳುವುದು ಸಭಾಧ್ಯಕ್ಷರಿಗೂ ಸುಲಭವಾಗಿರಲಿಲ್ಲ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದ ನಮ್ಮ ಕಾರ್ಕಳದ ಕೌಡೂರಿನ ಕೆ.ಎಸ್. ಹೆಗ್ಡೆಯವರೊಡನೆ ಹೋಲಿಸಿ ನೋಡಿ. ನೆರೆಯ ಎಡನೀರು ಮಠದ ಸ್ವಾಮೀಜಿಯವರು ಹೂಡಿದ್ದ ಕೇಶವಾನಂದ ಭಾರತಿ ಪ್ರಕರಣದಲ್ಲಿ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸಲಾಗದು ಎಂಬ ಬಹುಮತದ ತೀರ್ಪಿನ ಪರ ನಿಂತ ಹೆಗ್ಡೆಯವರು, ಮುಖ್ಯ ನ್ಯಾಯಮೂರ್ತಿ ಹುದ್ದೆಗೆ ತಮ್ಮ ಹಿರಿತನವನ್ನು ಕಡೆಗಣಿಸಿದಾಗ 1973ರಲ್ಲಿ ರಾಜೀನಾಮೆ ಕೊಟ್ಟು, 1977ರಲ್ಲಿ ಗೆದ್ದು ಲೋಕಸಭಾಧ್ಯಕ್ಷರಾದರು. ಒಬ್ಬರು ನ್ಯಾಯಪೀಠದಿಂದ, ಇನ್ನೊಬ್ಬರು ಚಳವಳಿಯಿಂದ ಬಂದವರು.

ಕಾನೂನು ವಿದ್ಯಾರ್ಥಿನಿ, ಮಂಗಳೂರು:
ಹೆಗ್ಡೆಯವರ ಹೋಲಿಕೆ ನನಗೆ ಹೊಳೆದಿರಲಿಲ್ಲ. ಶಸ್ತ್ರಾಸ್ತ್ರ ಪ್ರಕರಣವನ್ನು ಅಡಿಟಿಪ್ಪಣಿಗೆ ತಳ್ಳದೆ, ಪಟ್ಟಿ ಪದ್ಧತಿಯ ಚರ್ಚೆಯೊಂದಿಗೆ ಪ್ರಬಂಧದ ನಡುವಿನಲ್ಲೇ ಇಡುತ್ತೇನೆ.