ಜಿಗಿತ ಇರುವ ಸ್ಕ್ವೇರ್ ವೇವ್ ಕನ್ವರ್ಜ್ ಆಗುತ್ತದೆ, ಕಂಟಿನ್ಯುಯಸ್ ಫಂಕ್ಷನ್ ಯಾಕೆ ಕೈಕೊಡುತ್ತದೆ?

ಪ್ರಶ್ನೆ:
ಸ್ಕ್ವೇರ್ ವೇವ್‌ನ ಫೂರಿಯರ್ ಸರಣಿ (ಫಂಕ್ಷನ್ನನ್ನು ಸೈನ್, ಕೊಸೈನ್ ಅಲೆಗಳ ಮೊತ್ತವಾಗಿ ಬರೆಯುವುದು) ಪ್ರತಿ ಬಿಂದುವಿನಲ್ಲೂ ಕನ್ವರ್ಜ್ ಆಗುತ್ತದೆ, ಅಂದರೆ ಪದ ಸೇರಿಸುತ್ತಾ ಹೋದಂತೆ ಒಂದು ನಿಶ್ಚಿತ ಬೆಲೆಗೆ ಹತ್ತಿರವಾಗುತ್ತದೆ, ಜಿಗಿತದ ಜಾಗದಲ್ಲಿ ಎರಡು ಬದಿಯ ಸರಾಸರಿಗೆ. ಸರಿ. ಆದರೆ ಎಲ್ಲೂ ಜಿಗಿತವೇ ಇಲ್ಲದ ಕಂಟಿನ್ಯುಯಸ್ ಫಂಕ್ಷನ್‌ನ ಸರಣಿ ಡೈವರ್ಜ್ ಆಗಬಹುದಂತೆ, ಅಂದರೆ ಎಲ್ಲೂ ನೆಲೆ ನಿಲ್ಲದೆ ಹೋಗಬಹುದಂತೆ! ಪುಸ್ತಕದಲ್ಲಿ ಒಂದೇ ಸಾಲು ಬರೆದು ಮುಂದೆ ಹೋಗಿದ್ದಾರೆ. ಹೇಗೆ ಸಾಧ್ಯ? ಎಷ್ಟು ಸ್ಮೂತ್ ಇದ್ದರೆ ಸಾಕು?

ಉತ್ತರ 1:
ತೊಂದರೆ ಕೊಡುವುದು ಜಿಗಿತ ಅಲ್ಲ, ನಡುಕ. ಸ್ಕ್ವೇರ್ ವೇವ್‌ನಲ್ಲಿ ಒಟ್ಟು ಏರಿಳಿತಕ್ಕೆ ಒಂದು ಮಿತಿ ಇದೆ. ಹೀಗೆ ಕೆಲವೇ ಸಲ ಏರಿಳಿಯುವ ಫಂಕ್ಷನ್‌ಗಳನ್ನು ಗಣಿತಜ್ಞ ಡಿರಿಕ್ಲೆ 1829ರಲ್ಲೇ ಬಗೆಹರಿಸಿದ್ದರು. ಕಂಟಿನ್ಯುಯಸ್ ಆಗಿದ್ದೂ ಒಂದು ಬಿಂದುವಿನ ಹತ್ತಿರ ಮಿತಿಯಿಲ್ಲದೆ ನಡುಗುವ ಫಂಕ್ಷನ್‌ಗಳಿವೆ ಅಲ್ವಾ, ಕಷ್ಟ ಬರುವುದು ಅಲ್ಲಿ. ಎನ್ ಪದಗಳವರೆಗಿನ ಮೊತ್ತ ಎಂದರೆ ಫಂಕ್ಷನ್ನನ್ನು ಡಿರಿಕ್ಲೆ ಕರ್ನಲ್ ಎಂಬ ಒಂದು ನಿಗದಿತ ಅಲೆಯಂಥ ಫಂಕ್ಷನ್ ಜೊತೆ ಗುಣಿಸಿ ಇಂಟಿಗ್ರೇಟ್ ಮಾಡುವುದು. ಕರ್ನಲ್ ಪ್ಲಸ್ಸು ಮೈನಸ್ಸು ಆಗುತ್ತಾ ಇರುತ್ತದೆ, ಹಾಗಾಗಿ ಅದರ ಇಂಟಿಗ್ರಲ್ ಚಿಕ್ಕದೇ, ಆದರೆ ಅಬ್ಸಲ್ಯೂಟ್ ಮೌಲ್ಯ ತೆಗೆದುಕೊಂಡರೆ ಲಾಗ್ ಎನ್ ವೇಗದಲ್ಲಿ ಬೆಳೆಯುತ್ತದೆ. ಆ ಪ್ಲಸ್ ಮೈನಸ್‌ಗೆ ತಾಳ ಹಾಕುವಂತೆ ನಡುಗುವ ಫಂಕ್ಷನ್ ಕಟ್ಟಿದರೆ ಏನೂ ಕ್ಯಾನ್ಸಲ್ ಆಗುವುದಿಲ್ಲ, ಮೊತ್ತ ಉಬ್ಬುತ್ತದೆ. 1873ರಲ್ಲಿ ದು ಬೋಯ್ಸ್-ರೇಮಂಡ್ ಕೊಟ್ಟ ಉದಾಹರಣೆ ಇದೇ ಜಾತಿಯದು.

ಉತ್ತರ 2:
ಎಷ್ಟು ಸ್ಮೂತ್ ಎನ್ನುವುದಕ್ಕೂ ಆ ಲಾಗ್‌ನಲ್ಲೇ ಉತ್ತರ ಇದೆ. ಎರಡು ಬಿಂದುಗಳು ಹತ್ತಿರವಾದಂತೆ ಅವುಗಳ ನಡುವೆ ಫಂಕ್ಷನ್‌ನ ಅಲುಗಾಟ ಲಾಗ್‌ನ ಬೆಳವಣಿಗೆಯನ್ನು ಸೋಲಿಸುವಷ್ಟು ಬೇಗ ಸೊನ್ನೆಗೆ ಹೋದರೆ ಯೂನಿಫಾರ್ಮ್ ಕನ್ವರ್ಜೆನ್ಸ್ (ಎಲ್ಲಾ ಬಿಂದುಗಳಲ್ಲೂ ಒಟ್ಟಿಗೇ ಹತ್ತಿರವಾಗುವುದು) ಸಿಗುತ್ತದೆ. ಇದು ಡೀನಿ-ಲಿಪ್ಶಿಟ್ಸ್ ಷರತ್ತು. ಹಾಗಾಗಿ ಹೋಲ್ಡರ್ ಘಾತ (ಅಲುಗಾಟವು ಬಿಂದುಗಳ ಅಂತರದ ಎಷ್ಟನೇ ಘಾತದ ಮಿತಿಯಲ್ಲಿದೆ ಎನ್ನುವ ಸಂಖ್ಯೆ) 0.01 ಇದ್ದರೂ ಸಾಕು! ಡಿಫರೆನ್ಷಿಯಬಲ್ ಆಗಿರಲೇಬೇಕು ಅಂತ ಸುಮ್ನೆ ಹೆದರಿಸುತ್ತಾರೆ. ಅಬ್ಸಲ್ಯೂಟ್ ಕನ್ವರ್ಜೆನ್ಸ್ (ಪದಗಳ ಪ್ಲಸ್ ಮೈನಸ್ ಬಿಟ್ಟು ಕೂಡಿದರೂ ಮೊತ್ತ ಮಿತಿಯಲ್ಲಿರುವುದು) ಬೇಕಾದರೆ ಮಾತ್ರ ಜಾಸ್ತಿ ಕೇಳುತ್ತದೆ: ಘಾತ ಅರ್ಧಕ್ಕಿಂತ ಮೇಲಿರಬೇಕು, ಸರಿಯಾಗಿ ಅರ್ಧ ಇದ್ದರೆ ಗ್ಯಾರಂಟಿ ಇಲ್ಲ. ಇದು ಬರ್ನ್‌ಸ್ಟೈನ್ ಅವರ ಫಲಿತಾಂಶ.

ಪ್ರಶ್ನೆ ಕೇಳಿದವರು:
ತಾಳದ ವಿಷಯ ತಲೆಗೆ ಹೋಯಿತು. ಹಾಗಾದರೆ ಎಲ್ಲಾ ಬಿಂದುಗಳಲ್ಲೂ ಡೈವರ್ಜ್ ಆಗುವ ಕಂಟಿನ್ಯುಯಸ್ ಫಂಕ್ಷನ್ ಕಟ್ಟಬಹುದಾ?

ಉತ್ತರ 1:
ಆಗುವುದಿಲ್ಲ. ಕಾರ್ಲೆಸನ್ 1966ರಲ್ಲಿ ಆ ಬಾಗಿಲು ಮುಚ್ಚಿದರು, ಡೈವರ್ಜ್ ಆಗುವ ಬಿಂದುಗಳ ಗಣದ ಅಳತೆ (ಸರಳವಾಗಿ, ಒಟ್ಟು ಉದ್ದ) ಸೊನ್ನೆಯೇ. ತಮಾಷೆ ಏನೆಂದರೆ ಅಳತೆ ಸೊನ್ನೆ ಇರುವ ಯಾವ ಗಣ ಕೊಟ್ಟರೂ ಅದರ ಮೇಲೆಲ್ಲಾ ಡೈವರ್ಜ್ ಆಗುವ ಕಂಟಿನ್ಯುಯಸ್ ಫಂಕ್ಷನ್ ಇದೆ, ಕಹಾನ್ ಮತ್ತು ಕಾಟ್ಸ್‌ನೆಲ್ಸನ್ ತೋರಿಸಿದ್ದು. ಕಂಟಿನ್ಯುಯಸ್ ಬೇಡ, ಬರೀ ಇಂಟಿಗ್ರೇಬಲ್ ಸಾಕು ಅಂದರೆ ಕೊಲ್ಮೊಗೊರೊವ್ 1926ರಲ್ಲೇ ಎಲ್ಲಾ ಕಡೆ ಡೈವರ್ಜ್ ಆಗುವುದನ್ನು ಕಟ್ಟಿಟ್ಟಿದ್ದಾರೆ.

ಉತ್ತರ 3:
ಲೆಕ್ಕಕ್ಕೆ ಬಳಸುವವರಾದರೆ ಒಂದೇ ಮೊತ್ತದ ಬದಲು ಎನ್ ಪದಗಳವರೆಗಿನ ಮೊತ್ತಗಳ ಸರಾಸರಿ ತೆಗೆದುಕೊಳ್ಳಿ, ಇದೇ ಫೆಯೆರ್ ಸರಾಸರಿ. ಅದರ ಕರ್ನಲ್ ಎಲ್ಲೂ ಮೈನಸ್ ಆಗುವುದಿಲ್ಲ, ಆದ್ದರಿಂದ ಯಾವ ಕಂಟಿನ್ಯುಯಸ್ ಫಂಕ್ಷನ್ ಆದರೂ ಈ ಸರಾಸರಿ ಅದಕ್ಕೆ ಯೂನಿಫಾರ್ಮ್ ಆಗಿ ಕನ್ವರ್ಜ್ ಆಗುತ್ತದೆ.