ಪೈಪು, ಫಿಟಿಂಗು: ಆನ್‌ಲೈನಾ, ಹೈದರಾಬಾದಾ, ಇಲ್ಲೇ ಕಲಬುರಗಿ ಡೀಲರ್ ಹತ್ರನಾ?

ಸೇಡಂ_ರೋಡ್:

ಕಲಬುರಗಿಯಲ್ಲಿ 30×40 ಸೈಟು, ಕೆಳಮಹಡಿ ಮಾತ್ರ. ಸ್ಲ್ಯಾಬ್ ಆಗಿದೆ, ಪ್ಲಾಸ್ಟರ್‌ಗೆ ಮೊದಲು ಪ್ಲಂಬಿಂಗ್ ಮುಗಿಸಬೇಕು. 2 ಬಾತ್‌ರೂಮು, ಅಡುಗೆಮನೆ, ಹಿಂದೆ ವಾಷಿಂಗ್ ಮಷಿನ್ ಜಾಗ, ಅಂಗಳಕ್ಕೊಂದು ನಳ. ಮಾಳಿಗೆ ಮೇಲೆ 1000 ಲೀಟರ್ ಟ್ಯಾಂಕು, ಮುಂದೆ ಸೋಲಾರ್ ಹಾಕುವ ವಿಚಾರವಿದೆ. ಬಳಸುವುದು ಹೆಚ್ಚಾಗಿ ಬೋರ್ ನೀರೇ.

ಸಾಮಾನು ಎಲ್ಲಿ ತರಬೇಕು ಅನ್ನೋದೇ ಗೊಂದಲ. ಆನ್‌ಲೈನ್‌ನಲ್ಲಿ ಎಲ್ಬೋ (ತಿರುವಿನ ಜೋಡಣೆ), ಟೀ (ಮೂರು ಬಾಯಿಯ ಜೋಡಣೆ) 10ರ ಪ್ಯಾಕೆಟ್ ಅಗ್ಗ ಕಾಣ್ತಿದೆ. ಕೆಲವರು ಹೈದರಾಬಾದಿನ ರಾಣಿಗಂಜ್‌ಗೆ ಹೋಗಿ ಒಮ್ಮೆಲೇ ತನ್ನಿ ಅಂತಾರೆ. ಪ್ಲಂಬರ್ 'ಸಾಮಾನು ನಾನೇ ತರ್ತೀನಿ' ಅಂತಾನೆ. ಯಾವುದನ್ನು ಎಲ್ಲಿ ಕೊಳ್ಳಬೇಕು, ಅಂದಾಜು ಎಷ್ಟು ಬೇಕಾಗುತ್ತೆ, ನಕಲಿ ಮಾಲು ಹೇಗೆ ಗುರುತಿಸೋದು?

ಪೈಪ್‌ಪಾನಾ:

ಒಂದೇ ಗೆರಿ ಎಳ್ಕೊಳ್ರಿ. ಗ್ವಾಡಿ ಒಳಗ ಹೋಗೋದೆಲ್ಲ ಊರಾಗಿನ ಡೀಲರ್ ಕಡೆ, ಪಕ್ಕಾ ಬಿಲ್ ಮ್ಯಾಲ. ಗ್ವಾಡಿ ಹೊರಗ ಕಾಣೋದು, ಅಂದ್ರ ಬೇಸಿನ್, ಕನ್ನಡಿ, ಟವೆಲ್ ರಾಡ್, ಸಿಂಕ್, ಎಲ್ಲಿ ಸಸ್ತಾ ಸಿಗ್ತದೋ ಅಲ್ಲಿ ತಗೋರಿ.

ಯಾಕಂದ್ರ ಫಿಟಿಂಗ್ ಲೆಕ್ಕ ಯಾರೂ ಕರೆಕ್ಟ್ ಹಾಕಲಿಕ್ಕೆ ಆಗಂಗಿಲ್ಲ. ಕೆಲಸದ ನಡುವ 4 ಎಲ್ಬೋ ಕಮ್ಮಿ ಬೀಳ್ತಾವ, 7 ಕಪ್ಲರ್ (ಎರಡು ಪೈಪ್ ನೆಟ್ಟಗ ಕೂಡಿಸೋದು) ಉಳಿತಾವ. ಡೀಲರ್ ಆದ್ರ ಅವತ್ತೇ 4 ಕೊಡ್ತಾನ, ಉಳಿದಿದ್ದು ವಾಪಸ್ ತಗೋತಾನ. ಇದನ್ನ ಖರೀದಿಗಿಂತ ಮೊದಲೇ ಮಾತಾಡಿ ಬಿಲ್ ಮ್ಯಾಲ ಬರಸ್ರಿ: ಕೊಯ್ಯದ ಪೈಪು, ಬಳಸದ ಫಿಟಿಂಗು ಎಷ್ಟು ದಿನದೊಳಗ ವಾಪಸ್. ಸಾಲ್ವೆಂಟ್ ಸಿಮೆಂಟ್ (ಪೈಪ್ ಕೂಡಿಸೋ ಅಂಟು) ಯಾರೂ ವಾಪಸ್ ತಗೊಳ್ಳಂಗಿಲ್ಲ. ಆನ್‌ಲೈನ್‌ದಾಗ 3 ಮೀಟರ್ ಪೈಪ್ ಕೊರಿಯರ್‌ದಾಗ ಬರೋದು ಕಷ್ಟ. ಪೈಪ್ ಒಂದು ಕಂಪನಿದು, ಫಿಟಿಂಗ್ ಇನ್ನೊಂದರದು ಆಗ್ತದ. ಅಳತಿ ಒಂದೇ ಇದ್ರೂ ಸಾಕೆಟ್ ಹಿಡಿತ ಸಡಿಲ ಬಿಗಿ ಆಗ್ತದ, ನಾಳೆ ಸೋರಿದ್ರ ಎರಡೂ ಕಂಪನಿ ಕೈ ಎತ್ತತಾವ.

ರೇಟಿನ ಆಟ ತಿಳ್ಕೋರಿ. ಕಂಪನಿ ರೇಟ್ ಲಿಸ್ಟ್ ಮ್ಯಾಲ ಡಿಸ್ಕೌಂಟ್ ಕೊಡ್ತಾರ, ಅದರ ಮ್ಯಾಲ 18% ಜಿಎಸ್‌ಟಿ ಕೂಡ್ತದ. ಲಿಸ್ಟ್ 100 ಇದ್ದದ್ದು 30% ಕಳದ್ರ 70, ತೆರಿಗಿ ಸೇರಿ 82 ರೂಪಾಯಿ 60 ಪೈಸೆ. ಆನ್‌ಲೈನ್ ರೇಟಿನಾಗ ತೆರಿಗಿ ಒಳಗೇ ಇರ್ತದ, ಅದಕ್ಕ 70 ಜೋಡಿ ಹೋಲಿಸಬ್ಯಾಡ್ರಿ, 82.60 ಜೋಡಿ ಹೋಲಿಸ್ರಿ.

ಇನ್ನೊಂದು. 'ಪೈಪಿಗೆ 40%' ಅಂತ ಬೋರ್ಡ್ ಹಾಕಿದವ ಬ್ರಾಸ್ ಫಿಟಿಂಗಿಗೆ 20% ಕೊಡ್ತಾನ. ಲಿಸ್ಟ್ ಪ್ರಕಾರ ನಿಮ್ಮ ಪೈಪು 10,000, ಫಿಟಿಂಗು 25,000 ಅಂತ ಹಿಡೀರಿ. ಅವನ ಲೆಕ್ಕ 6,000 + 20,000 = 26,000. ಎರಡಕ್ಕೂ 30% ಕೊಡವ 7,000 + 17,500 = 24,500. ಬಿಲ್ಲಿನ ಭಾರ ಇರೋದೇ ಬ್ರಾಸಿನಾಗ. ಪೂರ್ತಿ ಪಟ್ಟಿ ಬರದು ಊರಾಗಿನ ಸೂಪರ್ ಮಾರ್ಕೆಟ್ ಏರಿಯಾ, ಗಂಜ್ ಏರಿಯಾ ಕಡೆ ಮೂರು ಅಂಗಡಿಗೆ ಕೊಟ್ಟು ಮೊತ್ತದ ಕೊಟೇಶನ್ ತಗೋರಿ, ಬಿಡಿ ರೇಟ್ ಕೇಳಬ್ಯಾಡ್ರಿ.

ಪ್ಲಂಬರ್ ತರ್ತೀನಿ ಅಂದ್ರ ಬ್ಯಾಡ ಅನ್ನೋದು ಬ್ಯಾಡ, ಆದ್ರ ಬಿಲ್ ನಿಮ್ಮ ಹೆಸರಿಗೆ, ರೊಕ್ಕ ನೀವೇ ಅಂಗಡಿಗೆ ಕೊಡ್ರಿ. ಅಂಗಡಿಯವ ಅವನಿಗೆ ಏನಾದ್ರೂ ಕೊಟ್ಟರ ಅದು ಅವರಿಬ್ಬರ ನಡುವಿನ ಮಾತು. ಮಜೂರಿ ಮಾತಾಡುವಾಗ ನಿಮಗ ನೆನಪಿದ್ರ ಸಾಕು.

ಅಂದಾಜು: ಒಂದೊಂದು ಬಾತ್‌ರೂಮಿಗೆ 9-10 ಪಾಯಿಂಟ್ (ಗ್ವಾಡಿಯೊಳಗಿನ ಪೈಪಿನ ಬಾಯಿ) ಬರ್ತಾವ. ವಾಲ್ ಮಿಕ್ಸರ್ 2, ಶವರ್ 1, ಗೀಜರ್ 2, ಬೇಸಿನ್ 2, ಕಮೋಡ್ 1, ಹೆಲ್ತ್ ಫಾಸೆಟ್ 1, ಬಕೆಟ್ ನಳ 1. ಅಡುಗಿಮನಿ 3, ವಾಷಿಂಗ್ 2, ಅಂಗಳ 1. ಒಟ್ಟು 26 ಸುತ್ತಮುತ್ತ. ಅಷ್ಟಕ್ಕೆ:

ಮುಕ್ಕಾಲು ಇಂಚು ಸಿಪಿವಿಸಿ (ಬಿಸಿನೀರು ತಡಿಯೋ ಪ್ಲಾಸ್ಟಿಕ್ ಪೈಪ್), ಎಸ್‌ಡಿಆರ್ 11 (ದಪ್ಪದ ನಂಬರ್), 3 ಮೀಟರಿಂದು: 20
ಒಂದು ಇಂಚು ಸಿಪಿವಿಸಿ (ಟ್ಯಾಂಕಿನಿಂದ ಕೆಳಗ ಬರೋ ಲೈನು): 8
ಬ್ರಾಸ್ ಎಲ್ಬೋ ಮತ್ತು ಬ್ರಾಸ್ ಟೀ, ಮುಕ್ಕಾಲು × ಅರ್ಧ: ಕೂಡಿ 28
ಅರ್ಧ ಇಂಚಿನ ಡಮ್ಮಿ ಪ್ಲಗ್ (ಪಾಯಿಂಟಿನ ಬಾಯಿ ಮುಚ್ಚಲಿಕ್ಕೆ): 28
ಮುಕ್ಕಾಲು ಎಲ್ಬೋ 60, ಟೀ 25, ಕಪ್ಲರ್ 15
ಬಾಲ್ ವಾಲ್ವ್: ಟ್ಯಾಂಕಿನ ಕಡೆ ಒಂದು ಇಂಚಿಂದು 2, ಬಾತ್‌ರೂಮಿಗೊಂದು, ಅಡುಗಿಮನಿಗೊಂದು
ಟ್ಯಾಂಕ್ ನಿಪ್ಪಲ್, ಯೂನಿಯನ್: ಟ್ಯಾಂಕಿಗೆ ಎಷ್ಟು ಲೈನ್ ಇದಾವೋ ಅಷ್ಟು
ಸಿಪಿವಿಸಿ ಸಿಮೆಂಟ್ 250 ಮಿ.ಲೀ. ಡಬ್ಬಿ: 4

ಸಿಮೆಂಟ್ ದೊಡ್ಡ ಡಬ್ಬಿ ಸಸ್ತಾ ಬೀಳ್ತದ ಅಂತ ತರಬ್ಯಾಡ್ರಿ. ನಮ್ಮ ಬಿಸಿಲಾಗ ಮುಚ್ಚಳ ತೆಗೆದ ಡಬ್ಬಿ ಸಂಜಿತನಕ ಗಟ್ಟಿ ಆಗ್ತದ. ಜೆಲ್ಲಿಯಂಗ ಆದ್ರ ಚೆಲ್ಲೋದೇ, ಥಿನ್ನರ್ ಹಾಕಿ ಕಲಸಬಾರದು.

ಎಸ್‌ಡಿಆರ್11:

ಮೇಲಿನದ್ದಕ್ಕೆ ಅಳತೆಯ ವಿಚಾರ ಸೇರಿಸುತ್ತೇನೆ. ಆನ್‌ಲೈನ್ ಖರೀದಿಯಲ್ಲಿ ಹೆಚ್ಚು ದುಡ್ಡು ಹಾಳಾಗುವುದು ಇಲ್ಲೇ.

ನಮ್ಮಲ್ಲಿ '25 ಎಂಎಂ' ಎಂಬ ಒಂದೇ ಹೆಸರಿಗೆ ಎರಡು ಅರ್ಥ. ಸಿಪಿವಿಸಿಯಲ್ಲಿ 25 ಎಂಎಂ ಅಂದರೆ ಒಂದು ಇಂಚಿನ ಪೈಪು, ಅದರ ಹೊರವ್ಯಾಸ 28.6 ಮಿ.ಮೀ. ಹೊಲಕ್ಕೆ ಬಳಸುವ ಬೂದು ಪಿವಿಸಿಯಲ್ಲಿ (ಐಎಸ್ 4985) 25 ಎಂಎಂ ಅಂದರೆ ಹೊರವ್ಯಾಸವೇ 25. ಒಂದು ಇನ್ನೊಂದರೊಳಗೆ ಕೂರುವುದಿಲ್ಲ. ಮುಕ್ಕಾಲು ಇಂಚಿನ ಸಿಪಿವಿಸಿ ಹೊರವ್ಯಾಸ 22.2, ಅದೇ ಮುಕ್ಕಾಲಿನ ಬಿಳಿ ಯುಪಿವಿಸಿ (ತಣ್ಣೀರಿನ ಪೈಪು) 26.7. ಇವನ್ನು ಸಿಮೆಂಟ್ ಹಚ್ಚಿ ಸೇರಿಸಲಾಗದು. ಎಂಎಬಿಟಿ ಮತ್ತು ಎಫ್‌ಎಬಿಟಿ, ಅಂದರೆ ಬ್ರಾಸ್ ಚೂಡಿಯ (ತಿರುಪಿನ ಎಳೆಯ) ಗಂಡು-ಹೆಣ್ಣು ಜೋಡಿ ಬೇಕು.

ಎಸ್‌ಡಿಆರ್ ಎಂದರೆ ಹೊರವ್ಯಾಸವನ್ನು ಗೋಡೆ ದಪ್ಪದಿಂದ ಭಾಗಿಸಿದ ಸಂಖ್ಯೆ, ಅದಕ್ಕೇ ಸಂಖ್ಯೆ ಚಿಕ್ಕದಾದಷ್ಟೂ ಪೈಪು ದಪ್ಪ. ಮುಕ್ಕಾಲು ಇಂಚಿಗೆ ಎಸ್‌ಡಿಆರ್ 11 ಆದರೆ ಗೋಡೆ ಸುಮಾರು 2 ಮಿ.ಮೀ., 13.5 ಆದರೆ 1.6ರ ಆಸುಪಾಸು. ಅಂಗಡಿಯಲ್ಲಿ ತಕ್ಕಡಿ ಇದ್ದೇ ಇರುತ್ತದೆ: ಎಸ್‌ಡಿಆರ್ 11ರ ಮುಕ್ಕಾಲು ಇಂಚಿನ 3 ಮೀಟರ್ ಪೈಪು ಸುಮಾರು 600 ಗ್ರಾಂ ತೂಗಬೇಕು, 13.5 ಸುಮಾರು 500. '11' ಅಂತ ಬಿಲ್ ಮಾಡಿ 13.5 ಕೊಟ್ಟಿದ್ದರೆ ಇಲ್ಲೇ ಗೊತ್ತಾಗುತ್ತದೆ. ಬಿಸಿನೀರಿನ ಲೈನಿಗೆ 11ನ್ನೇ ಹಾಕಿ. ಅದು 23 ಡಿಗ್ರಿಯಲ್ಲಿ 400 ಪಿಎಸ್‌ಐ ಒತ್ತಡ ತಡೆದರೆ 82 ಡಿಗ್ರಿಯಲ್ಲಿ ತಡೆಯುವುದು 100 ಮಾತ್ರ.

ಗುರುತು: ಸಿಪಿವಿಸಿ ಪೈಪಿನ ಮೈಮೇಲೆ ಐಎಸ್‌ಐ ಮುದ್ರೆ, ಐಎಸ್ 15778, ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ, ಎಸ್‌ಡಿಆರ್, ತಯಾರಿಕೆಯ ದಿನ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಲೈಸೆನ್ಸ್ ಯಾರದು, ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ಡ್ರೈನೇಜ್ ಪೈಪಿಗೆ ಐಎಸ್ 13592. ಕಮೋಡ್ ಲೈನಿಗೆ ಟೈಪ್ ಬಿ ಬೇಕು, ಟೈಪ್ ಎ ಇರುವುದು ಮಳೆನೀರು ಮತ್ತು ಗಾಳಿ ಕೊಳವೆಗೆ. ಅಗ್ಗ ಅಂತ ಎ ಹಾಕುವವರಿದ್ದಾರೆ, ಬಿಲ್‌ನಲ್ಲಿ ನೋಡಿಕೊಳ್ಳಿ.

ಅಸಲಿ ಮಾಲೂ ಕೆಡಬಹುದು. ಅಂಗಡಿ ಮುಂದೆ ಬಿಸಿಲಿಗೆ ನಿಲ್ಲಿಸಿದ ಪೈಪು ಬೇಡ. ಒಂದು ಮಗ್ಗುಲು ಬಣ್ಣ ಮಾಸಿದ್ದರೆ ಆ ಮಗ್ಗುಲು ಸೆಟೆದಿರುತ್ತದೆ, ಗೋಡೆ ಕೊರೆದು ಕೂರಿಸುವಾಗ ಕೂದಲೆಳೆ ಬಿರುಕು ಬಿಡುತ್ತದೆ. ಒಳಗಿನ ರ‍್ಯಾಕ್‌ನಿಂದ ಕೇಳಿ.

ಬಿದ್ರಿ_ನಳ:

ಬೀದರಿನವರಿಗೆ ಹೈದರಾಬಾದ್ ಸುಮಾರು 140 ಕಿ.ಮೀ., ನಿಮಗೆ 220ರ ಹತ್ತಿರ. ಒಂದು ಮನೆಯ ಪೈಪಿಗಾಗಿ ಅಲ್ಲಿಗೆ ಹೋಗುವುದರಲ್ಲಿ ಲಾಭ ಕಾಣುವುದಿಲ್ಲ: ಗಾಡಿ ಬಾಡಿಗೆ, ವಾಪಸ್ ಕೊಡಲಾಗದ ಉಳಿಕೆ, ಕಮ್ಮಿ ಬಿದ್ದ ಎರಡು ಟೀ ಇಲ್ಲೇ ಬೇರೆ ಕಂಪನಿಯದು. ಬಿಲ್ 50,000 ದಾಟಿದರೆ ರಾಜ್ಯದ ಗಡಿ ದಾಟಲು ಇ-ವೇ ಬಿಲ್ (ಸರಕು ಸಾಗಿಸುವ ಜಿಎಸ್‌ಟಿ ಪತ್ರ) ಬೇಕು. ಅದನ್ನು ಮಾಡಿಕೊಡುವಂತೆ ಅಂಗಡಿಯವರಿಗೇ ಹೇಳಿ. ಕಚ್ಚಾ ಚೀಟಿ ಕೊಟ್ಟು ಕಳಿಸಿದರೆ ದಾರಿಯಲ್ಲಿ ಸಿಕ್ಕಿಬೀಳುವುದು ನಿಮ್ಮ ಗಾಡಿ. ಟೈಲ್ಸ್, ಕಮೋಡ್, ಸಿಪಿ ಫಿಟಿಂಗ್ (ಹೊಳೆಯುವ ನಳ, ಶವರ್) ಎಲ್ಲಾ ಸೇರಿ ದೊಡ್ಡ ಖರೀದಿ ಇದ್ದರೆ ಮಾತ್ರ ಲೆಕ್ಕ ಹಾಕಿ.

ಹೊರಗೆ ಕಾಣುವ ಸಾಮಾನನ್ನೂ ಕಣ್ಣುಮುಚ್ಚಿ ತರಬೇಡಿ. ಕಮೋಡ್‌ಗೆ ಮೊದಲು ನೆಲದ ತೂತು ಅಳೆಯಿರಿ: ಎಸ್ ಟ್ರ್ಯಾಪ್ (ನೆಲಕ್ಕೆ ಇಳಿಯುವ ಕೊಳವೆ) ಆದರೆ ಟೈಲ್ಸ್ ಹಚ್ಚಿದ ಮೇಲಿನ ಗೋಡೆಯಿಂದ ತೂತಿನ ನಡುವಿನವರೆಗೆ 9 ಇಂಚೋ 12 ಇಂಚೋ ನೋಡಿ. ಶವರ್: ಟ್ಯಾಂಕಿನ ತಳ ಶವರ್‌ಗಿಂತ 2 ಮೀಟರ್ ಮೇಲಿದ್ದರೆ ಒತ್ತಡ ಬರೀ 0.2 ಬಾರ್. ಆನ್‌ಲೈನ್‌ನಲ್ಲಿ 'ಕನಿಷ್ಠ 1 ಬಾರ್' ಎಂದು ಬರೆದ ಅಗಲ ಮಳೆ ಶವರ್ ಅದರಲ್ಲಿ ಮೂಗು ಸೋರಿದಂತೆ ಸೋರುತ್ತದೆ. ಪ್ರೆಷರ್ ಪಂಪ್ ಇಲ್ಲದಿದ್ದರೆ 4 ಇಂಚಿನ ಸಾದಾ ಶವರೇ ವಾಸಿ.

ಆ್ಯಂಗಲ್ ಕಾಕ್ (ಬೇಸಿನ್, ಕಮೋಡ್ ಪಕ್ಕದ ಪುಟ್ಟ ವಾಲ್ವ್) ಹುಡುಕುವಾಗ 'ರೇಡಿಯೇಟರ್ ವಾಲ್ವ್' ಎಂಬ ಚೆಂದದ ಪೀಸುಗಳೂ ಬರುತ್ತವೆ. ಅವು ಚಳಿ ದೇಶದ ಮನೆಗಳಲ್ಲಿ ಗೋಡೆಗೆ ಹಾಕುವ ಬಿಸಿನೀರಿನ ಹಲಗೆಗಳಿಗೆ ಮಾಡಿದ್ದು. ಬ್ರಿಟನ್ ಕಡೆಯದಾದರೆ ಒಂದು ತುದಿ 15 ಮಿ.ಮೀ. ತಾಮ್ರದ ಪೈಪಿಗೆ ಬಿಗಿಯುವ ಕಂಪ್ರೆಷನ್ ನಟ್ಟು, ನಮ್ಮ ಬ್ರಾಸ್ ಎಲ್ಬೋ ಚೂಡಿಗೆ ಆಗುವುದಿಲ್ಲ. ಅಮೆರಿಕದ ಎನ್‌ಪಿಟಿ ಚೂಡಿ ಇನ್ನೂ ಮೋಸ: ಅರ್ಧ ಇಂಚಿನಲ್ಲಿ ಅದಕ್ಕೂ ನಮ್ಮ ಬಿಎಸ್‌ಪಿಗೂ ಇಂಚಿಗೆ 14 ಎಳೆಯೇ, ಹಾಗಾಗಿ ಎರಡು ಸುತ್ತು ಹತ್ತುತ್ತದೆ. ಆದರೆ ಎಳೆಯ ಕೋನ ಒಂದರದ್ದು 60 ಡಿಗ್ರಿ, ಇನ್ನೊಂದರದ್ದು 55. ಎಷ್ಟು ಟೇಪ್ ಸುತ್ತಿದರೂ ಜಿನುಗುತ್ತದೆ.

ಬೋರ್ ನೀರು ಅಂದಿರಿ. ಸುಣ್ಣ ಕಟ್ಟುವುದು ಖಾತ್ರಿ, ಮಿಕ್ಸರ್‌ನ ಸೆರಾಮಿಕ್ ಕಾರ್ಟ್ರಿಜ್ (ನೀರು ಬಿಟ್ಟು ನಿಲ್ಲಿಸುವ ಒಳಭಾಗ) ಒಂದು ದಿನ ಬದಲಿಸಲೇಬೇಕು. ಆ ಕಾರ್ಟ್ರಿಜ್ ಕಲಬುರಗಿಯಲ್ಲೇ ಸಿಗುತ್ತದೆಯೇ ಎಂದು ಕೇಳಿ ನಳ ಆರಿಸಿ. ಗೋಡೆಯೊಳಗೆ ಹೋಗುವ ಡೈವರ್ಟರ್ (ನೀರನ್ನು ಶವರ್‌ಗೋ ನಳಕ್ಕೋ ತಿರುಗಿಸುವುದು) ಆದರಂತೂ ಒಳಗಿನ ಬಾಡಿ, ಹೊರಗಿನ ಹಿಡಿ ಎರಡೂ ಒಂದೇ ಕಂಪನಿ, ಒಂದೇ ಮಾಡೆಲ್, ಒಂದೇ ಅಂಗಡಿ.

ಸೇಡಂ_ರೋಡ್:

ತುಂಬಾ ಉಪಕಾರ. ಎರಡು ಅನುಮಾನ. ಪ್ಲಂಬರ್ 'ತಣ್ಣೀರಿಗೆ ಯುಪಿವಿಸಿ, ಬಿಸಿಗೆ ಮಾತ್ರ ಸಿಪಿವಿಸಿ ಸಾಕು' ಅಂತಾನೆ, ಸರಿನಾ? ಚೂಡಿಗೆ ಸಫೇದಾ-ಧಾಗಾ (ಬಿಳಿ ಪೇಸ್ಟ್ ಹಚ್ಚಿದ ದಾರ) ಸುತ್ತೋದೇ ಗಟ್ಟಿ ಅಂತಾನೂ ಹೇಳ್ತಾನೆ.

ಎಸ್‌ಡಿಆರ್11:

ಯುಪಿವಿಸಿ 60 ಡಿಗ್ರಿವರೆಗೆ ಮಾತ್ರ. ಮಾಳಿಗೆ, ಅಂಗಳ, ಕಮೋಡ್ ಲೈನಿಗೆ ತೊಂದರೆಯಿಲ್ಲ. ಆದರೆ ಗೀಜರ್‌ನ ತಣ್ಣೀರು ಪಾಯಿಂಟಿಗೆ ಬೇಡ: ನಾನ್ ರಿಟರ್ನ್ ವಾಲ್ವ್ ಕೈಕೊಟ್ಟ ದಿನ ಬಿಸಿನೀರು ಅದೇ ಪೈಪಿಗೆ ಹಿಂದಕ್ಕೆ ಬರುತ್ತದೆ. ಬಾತ್‌ರೂಮಿನೊಳಗೆ ಎರಡೂ ಸಿಪಿವಿಸಿ ಮಾಡಿ. ಎರಡು ಬಗೆಯ ಪೈಪಿದ್ದರೆ ಎರಡು ಬಗೆಯ ಸಿಮೆಂಟೂ ಇರುತ್ತದೆ. ಅದಲು ಬದಲಾದ ಜಾಯಿಂಟು ಬಿಸಿನೀರಿಗೆ ಬಿಡುತ್ತದೆ.

ಸಫೇದಾ ಎಣ್ಣೆಯಲ್ಲಿ ಕಲಸಿದ್ದು. ಎಣ್ಣೆ ಸಿಪಿವಿಸಿಯನ್ನು ಒಳಗಿಂದ ಸೀಳಬಲ್ಲದು. ಬ್ರಾಸ್ ಚೂಡಿಗೆ ಟೆಫ್ಲಾನ್ ಟೇಪ್ 8-10 ಸುತ್ತು, ಚೂಡಿ ತಿರುಗುವ ದಿಕ್ಕಿನಲ್ಲೇ. ಗೋಡೆಯೊಳಗೆ ಪ್ಲಾಸ್ಟಿಕ್ ಚೂಡಿ ಎಲ್ಲೂ ಬೇಡ.

ಸೋಲಾರ್‌ಗೆ: ಬೇಸಿಗೆಯಲ್ಲಿ ಬಿಸಿನೀರು ಬಳಕೆಯಿಲ್ಲದೆ ನಿಂತರೆ ಕುದಿಯುವ ಹತ್ತಿರ ಹೋಗುತ್ತದೆ. ಟ್ಯಾಂಕಿನಿಂದ ಹೊರಡುವ ಮೊದಲ ಮೀಟರ್ ಲೋಹದ ಪೈಪ್ ಇರಲಿ, ಆಮೇಲೆ ಸಿಪಿವಿಸಿ. ಮಾಳಿಗೆಯ ಸಿಪಿವಿಸಿಗೆ ನೀರಿನಲ್ಲಿ ಕಲಸುವ ಬಿಳಿ ಬಣ್ಣ ಬಳಿಯಿರಿ, ಆಯಿಲ್ ಪೇಂಟ್ ಬೇಡ. 10 ಮೀಟರ್ ಉದ್ದದ ಪೈಪು 40 ಡಿಗ್ರಿ ಏರಿದರೆ ಸುಮಾರು 25 ಮಿ.ಮೀ. ಬೆಳೆಯುತ್ತದೆ. ಕ್ಲ್ಯಾಂಪ್ ಬಿಗಿ ಮಾಡದೆ ಜಾರಲು ಬಿಡಿ, ನಡುವೆ ಒಂದು ತಿರುವು ಕೊಡಿ.

ಪೈಪ್‌ಪಾನಾ:

ಜಾಯಿಂಟ್ ಮಾಡೋದು ಮುಂಜಾನಿ, ಬಿಸಿಲು ಏರೋಕ್ಕಿಂತ ಮೊದಲು. ಮಧ್ಯಾಹ್ನ ಪೈಪ್ ಸುಡ್ತಿರ್ತದ, ಹಚ್ಚಿದ ಸಿಮೆಂಟು ಫಿಟಿಂಗ್ ಒಳಗ ಹೋಗೋದ್ರೊಳಗ ಒಣಗ್ತದ, ಅರ್ಧಕ್ಕೆ ಸಿಕ್ಕೊಳ್ತದ. ಪೈಪ್ ನೆಟ್ಟಗ ಕೊಯ್ದು, ಚೂರು ಕೆರದು, ಧೂಳು ಒರಸ್ರಿ. ಸಿಮೆಂಟ್ ಇಲ್ಲದೆ ಹಾಕಿ ನೋಡಿದ್ರ ಸಾಕೆಟ್‌ನ ಮೂರನೇ ಒಂದರಿಂದ ಮೂರನೇ ಎರಡು ಭಾಗಕ್ಕ ಬಿಗಿ ಆಗಬೇಕು. ಪೈಪಿಗೆ ತುಂಬ, ಫಿಟಿಂಗಿಗೆ ತೆಳ್ಳಗ ಹಚ್ಚಿ, ಕಾಲು ಸುತ್ತು ತಿರುವಿ 30 ಸೆಕೆಂಡ್ ಒತ್ತಿ ಹಿಡೀರಿ. ಒಳಗ ಸಿಮೆಂಟ್ ಮಡುಗಟ್ಟಿ ನಿಂತ್ರ ಅದೇ ಪೈಪಿನ ಗ್ವಾಡಿ ತಿಂತದ.

ಕಡೇ ಜಾಯಿಂಟ್ ಆಗಿ 24 ತಾಸಿನ ಮ್ಯಾಲ ಕೈ ಪಂಪಿನಿಂದ ಟೆಸ್ಟ್. ಮಿಕ್ಸರ್ ಪಾಯಿಂಟಿನಾಗ ಬಿಸಿ-ತಣ್ಣ ಲೈನ್ ಜೋಡಿಸಿ, ಮ್ಯಾಲಿನ ಪ್ಲಗ್ ಸಡಿಲ ಬಿಟ್ಟು ಗಾಳಿ ಪೂರ್ತಿ ಹೋಗೋತನಕ ನೀರು ತುಂಬ್ರಿ, ಆಮ್ಯಾಲ ಒತ್ತಡ 10 ಕೆ.ಜಿ. (ಚದರ ಸೆಂ.ಮೀ.ಗೆ) ತನಕ ಏರಿಸಿ 2 ತಾಸು ಬಿಡ್ರಿ. ಟ್ಯಾಂಕು, ಗೀಜರು ಜೋಡಿಸಿರಬಾರದು. ಕಂಪ್ರೆಸರ್ ಗಾಳಿಯಿಂದ ಟೆಸ್ಟ್ ಮಾಡ್ತೀನಿ ಅಂದ್ರ ನಿಲ್ಲಸ್ರಿ, ಪ್ಲಾಸ್ಟಿಕ್ ಒಡದ್ರ ಚೂರು ಗುಂಡಿನಂಗ ಹಾರ್ತಾವ. ಪಂಪಿನ ಮೀಟರ್ ಮುಳ್ಳು ಇಳಿಯದೆ ನಿಂತ್ರ ಗ್ವಾಡಿ ಪಕ್ಕ ಟೇಪ್ ಹಿಡದು ಎಲ್ಲಾ ಪಾಯಿಂಟಿನ ಫೋಟೊ ತಕ್ಕೊಂಡು, ಆಮ್ಯಾಲ ಪ್ಲಾಸ್ಟರ್. ಡಮ್ಮಿ ಪ್ಲಗ್ ಟೈಲ್ಸ್ ಮುಗಿಯೋತನಕ ಬಿಚ್ಚಬ್ಯಾಡ್ರಿ, ಒಳಗ ಬಿದ್ದ ಉಸುಕು ಮೊದಲು ಹೋಗಿ ಕೂಡೋದು ಹೊಸ ಕಾರ್ಟ್ರಿಜ್‌ನಾಗ.