ಮನೆಯಲ್ಲಿ ಮಾವನಿಗೆ ಕೀಮೋ, ನನಗೆ ಏಳನೇ ತಿಂಗಳು. ಹೆರಿಗೆಗೆ ತವರಿಗೆ ಹೋಗಲಾ, ಇಲ್ಲೇ ಇರಲಾ?

ಗಿರಿನಗರದ ಸೊಸೆ:

ಮೊದಲ ಮಗು. ಗಿರಿನಗರದಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ. ನಾನು, ನಮ್ಮನೆಯವರು, ಅತ್ತೆ, ಮಾವ. ಬಾತ್‌ರೂಮ್ ಎರಡಿದೆ, ಆದರೆ ವೆಸ್ಟರ್ನ್ ಕಮೋಡ್ ಇರುವುದು ಒಂದರಲ್ಲೇ. ನನಗೂ ಈಗ ಕುಕ್ಕರಗಾಲಲ್ಲಿ ಕೂರಲು ಆಗುತ್ತಿಲ್ಲ.

ಮಾವನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆಗಿದೆ, ಈಗ ಎರಡು ವಾರಕ್ಕೊಮ್ಮೆ ಕೀಮೋ. ಒಟ್ಟು ಹನ್ನೆರಡು ಅಂದಿದ್ದಾರೆ, ನಾಲ್ಕು ಮುಗಿದಿದೆ. ಡೇ ಕೇರ್‌ನಲ್ಲಿ ಡ್ರಿಪ್ ಹಾಕಿ, ಒಂದು ಪುಟ್ಟ ಪಂಪ್ ಕಟ್ಟಿ ಮನೆಗೆ ಕಳಿಸುತ್ತಾರೆ. ಎರಡು ದಿನ ಅದು ಅವರ ಸೊಂಟದಲ್ಲೇ ಇರುತ್ತದೆ. ಯಾರಾದರೂ ಬಂದರೆ ಮೇಲೊಂದು ಟವೆಲ್ ಎಳೆದುಕೊಂಡು ಪೇಪರ್ ಓದುತ್ತಾ ಕೂರುತ್ತಾರೆ. ಡ್ರಿಪ್ ಆದ ಮೇಲೆ ತಣ್ಣಗಿರುವುದು ಏನೂ ತಾಗುವಂತಿಲ್ಲ. ಸ್ಟೀಲ್ ಲೋಟ ಹಿಡಿದರೂ ಬೆರಳಿಗೆ ಕರೆಂಟ್ ಹೊಡೆದ ಹಾಗಾಗುತ್ತದಂತೆ. ನಾನು ಈ ಮನೆಗೆ ಬಂದಾಗಿನಿಂದ ಬೆಳಗ್ಗೆ ಹಾಲು ಕಾಯಿಸಿ ಕಾಫಿ ಬೆರೆಸುತ್ತಿದ್ದದ್ದು ಅವರೇ. ಈಗ ಫ್ರಿಜ್ ಬಾಗಿಲು ತೆಗೆಯಲೂ ಅತ್ತೆಯನ್ನು ಕರೆಯಬೇಕು.

ನನ್ನ ತವರು ಹಾಸನ. ಸೀಮಂತ ಮುಗಿಸಿ ಕರೆದುಕೊಂಡು ಹೋಗುತ್ತೇವೆ ಅಂತ ಅಪ್ಪ ದಿನ ನೋಡಿಸಲು ಹೊರಟಿದ್ದಾರೆ. ಅತ್ತೆ ಇರು ಅನ್ನುವುದಿಲ್ಲ, ಹೋಗು ಅಂತಲೂ ಅನ್ನುವುದಿಲ್ಲ. ನಾನು ಹೋದರೆ ಅವರೊಬ್ಬರೇ. ನಮ್ಮನೆಯವರು ಕೀಮೋ ದಿನಗಳಿಗೇ ರಜೆಯೆಲ್ಲ ಖರ್ಚು ಮಾಡಿದ್ದಾರೆ, ಹೆರಿಗೆಗೆ ಅಂತ ಏನೂ ಉಳಿದಿಲ್ಲ.

ಇದರ ಮಧ್ಯೆ ಅತ್ತೆಯ ಅಕ್ಕ ಬಂದರು. "ಬಸುರಿ ಹೆಂಗಸು ಕ್ಯಾನ್ಸರ್ ಇರೋ ಮನೇಲಿ ಇರಬಾರದು ಕಣೆ, ಮಗೂಗೆ ತಾಗುತ್ತೆ" ಅಂತ ಮಾವನ ಎದುರಿಗೇ ಅಂದರು. ಆವತ್ತಿನಿಂದ ನಾನು ಹಾಲ್‌ಗೆ ಬಂದರೆ ಮಾವ ಎದ್ದು ರೂಮಿಗೆ ಹೋಗುತ್ತಾರೆ. ಟಿವಿ ಅಲ್ಲಿ ಓಡುತ್ತಲೇ ಇರುತ್ತದೆ.

ನಿಜಕ್ಕೂ ತೊಂದರೆ ಇದೆಯಾ? ನಾನು ಏನು ಮುಟ್ಟಬಾರದು? ಇಂಥ ಮನೆ ನಡೆಸಿದವರು ಇದ್ದರೆ ಹೇಳಿ. "ಎಲ್ಲಾ ಒಳ್ಳೇದಾಗುತ್ತೆ" ಅನ್ನುವವರು ಈಗಾಗಲೇ ಬೇಕಾದಷ್ಟು ಜನ ಇದ್ದಾರೆ.

ನೈಟ್ ಡ್ಯೂಟಿ:

ನಾನು ಕೀಮೋ ವಾರ್ಡಿನ ನರ್ಸ್. ನಿಮ್ಮ ದೊಡ್ಡತ್ತೆಗೆ ಹೇಳಿ, ಕ್ಯಾನ್ಸರ್ ತಾಗುವ ಕಾಯಿಲೆ ಅಲ್ಲವೇ ಅಲ್ಲ. ಮಾವನ ಪಕ್ಕ ಕೂತು ಊಟ ಮಾಡಿ, ಟಿವಿ ನೋಡಿ, ಕೈ ಹಿಡಿದುಕೊಳ್ಳಿ. ಏನೂ ಆಗಲ್ಲ.

ಹುಷಾರಾಗಿರಬೇಕಾದದ್ದು ಔಷಧಿಯ ವಿಷಯದಲ್ಲಿ. ಅದು ಮೂತ್ರ, ಮಲ, ವಾಂತಿಯಲ್ಲಿ ಹೊರಗೆ ಬರುತ್ತದೆ. ಪಂಪ್ ಇರುವ ದಿನಗಳು, ಅದು ತೆಗೆದ ಮೇಲೆ ಇನ್ನೂ 48 ಗಂಟೆ. ಕೆಲವು ಕಡೆ 72 ಅನ್ನುತ್ತಾರೆ, ನೀವು 72 ಅಂತಲೇ ಇಟ್ಟುಕೊಳ್ಳಿ. ಆ ದಿನಗಳಲ್ಲಿ ಕಮೋಡ್ ಮಾವನಿಗೆ ಬಿಡಿ. ಅವರು ಕೂತೇ ಮೂತ್ರ ಮಾಡಲಿ, ಮುಚ್ಚಳ ಹಾಕಿ ಎರಡು ಸಲ ಫ್ಲಶ್ ಮಾಡಲಿ. ನಿಮಗೆ ಸರ್ಜಿಕಲ್ ಅಂಗಡಿಯಲ್ಲಿ ಇಂಡಿಯನ್ ಮೇಲೆ ಇಡುವ ಕಮೋಡ್ ಸ್ಟೂಲ್ ಸಿಗುತ್ತದೆ, ಇವತ್ತೇ ತರಿಸಿ. ವಾಂತಿಯ ಟಬ್, ಒದ್ದೆಯಾದ ಪಂಚೆ, ಬೆಡ್‌ಶೀಟ್ ಯಾವುದೂ ನೀವು ಮುಟ್ಟುವ ಹಾಗಿಲ್ಲ. ಬೇರೆಯವರು ಗ್ಲೌಸ್ ಹಾಕಿಕೊಂಡು ಎತ್ತಿ ಬೇರೆಯಾಗಿ ಒಗೆಯಲಿ. ಪಂಪ್ ಏನಾದರೂ ಸೋರಿದರೆ ನೀವು ಆ ರೂಮಿಂದ ಎದ್ದು ಬನ್ನಿ. ಮನೆಯಲ್ಲಿ ಯಾರೂ ಇಲ್ಲ ಅಂತ ಒರೆಸಲು ಹೋಗಬೇಡಿ, ಮೊದಲು ಡೇ ಕೇರ್‌ಗೆ ಫೋನ್ ಮಾಡಿ.

ಇನ್ನೊಂದು. ಮಾವನಿಗೆ ಜ್ವರ 100.4 ಮುಟ್ಟಿದರೆ ಮಾತ್ರೆ ಕೊಟ್ಟು ಬೆಳಗ್ಗೆ ನೋಡೋಣ ಅನ್ನಬೇಡಿ. ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಕೀಮೋದಲ್ಲಿ ಬಿಳಿ ರಕ್ತಕಣ ಕಡಿಮೆಯಾಗಿರುತ್ತದೆ, ಸೋಂಕು ಗಂಟೆಗಳ ಲೆಕ್ಕದಲ್ಲಿ ಏರುತ್ತದೆ. ಅತ್ತೆಯ ಮೊಬೈಲ್‌ನಲ್ಲಿ ಆಸ್ಪತ್ರೆಯ ನಂಬರ್ ಇದೆಯಾ ನೋಡಿ. ಎಷ್ಟೋ ಮನೆಗಳಲ್ಲಿ ಅದು ಮಗನ ಫೋನ್‌ನಲ್ಲಿ ಮಾತ್ರ ಇರುತ್ತದೆ, ಮಗ ಮೀಟಿಂಗ್‌ನಲ್ಲಿರುತ್ತಾನೆ.

ರಾಜಾಜಿನಗರ ಆರನೇ ಬ್ಲಾಕ್:

ನನ್ನದೂ ಹೆಚ್ಚುಕಮ್ಮಿ ಇದೇ ಕತೆ, ಕಾಯಿಲೆ ನಮ್ಮಪ್ಪನಿಗೆ ಅಷ್ಟೇ. ನೇರವಾಗಿ ಹೇಳುತ್ತೇನೆ. ಹೆರಿಗೆ ಬೆಂಗಳೂರಲ್ಲಿ, ಬಾಣಂತನ ಹಾಸನದಲ್ಲಿ.

ಲೆಕ್ಕ ನೋಡಿ. ಮಾವನಿಗೆ ಇನ್ನು ಎಂಟು ಕೀಮೋ ಅಂದರೆ ಸುಮಾರು ನಾಲ್ಕು ತಿಂಗಳು, ತಪ್ಪಿದರೆ ಐದು. ನಿಮಗೆ ಹೆರಿಗೆಗೆ ಇನ್ನು ಎರಡು ಚಿಲ್ಲರೆ. ಹೆರಿಗೆ ಆಗಿ ಮೂರು ತಿಂಗಳು ತವರಲ್ಲಿದ್ದು ಬರುವ ಹೊತ್ತಿಗೆ ಪಂಪ್ ಕಾಟ ಮುಗಿದಿರುತ್ತದೆ. ಈಗಲೇ ಹಾಸನಕ್ಕೆ ಹೋದರೆ ಏನಾಗುತ್ತದೆ? ಹೊಸ ಡಾಕ್ಟರ್, ಹೊಸ ಫೈಲ್, ನೋವು ಶುರುವಾದ ರಾತ್ರಿ ನಿಮ್ಮ ಯಜಮಾನರು ನೆಲಮಂಗಲದ ಟ್ರಾಫಿಕ್‌ನಲ್ಲಿ. ಅಮ್ಮನನ್ನೇ ಒಂಬತ್ತು ಬೀಳುವಾಗ ಇಲ್ಲಿಗೆ ಕರೆಸಿಕೊಳ್ಳಿ. ಬೀಗರ ಮನೆಯಲ್ಲಿ ಇಷ್ಟು ದಿನವಾ ಅಂತ ನಮ್ಮಮ್ಮ ಎಳೆದಾಡಿದರು. ಅಲ್ಲೇ ಹತ್ತಿರ ಚಿಕ್ಕಮ್ಮನ ಮನೆಯಲ್ಲಿ ಮಲಗಿ, ಬೆಳಗ್ಗೆ ಬಂದು ಸಂಜೆ ಹೋಗುತ್ತಿದ್ದರು. ಮಾನವೂ ಉಳಿಯಿತು, ಕೆಲಸವೂ ಆಯಿತು.

ನೀವು ಕೆಲಸದಲ್ಲಿದ್ದೀರಾ, ಬರೆದಿಲ್ಲ. ಇದ್ದರೆ, ಕಾನೂನಿನ ಪ್ರಕಾರ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳದ ರಜೆ. ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ ತಗೋಬಹುದು. ಮಾವನನ್ನು ನೋಡಿಕೊಳ್ಳಲು ಅಂತ ಅದನ್ನು ಈಗಲೇ ಸುರಿಯಬೇಡಿ. ಸುಮ್ನೆ ಒಳ್ಳೆಯ ಸೊಸೆ ಅನ್ನಿಸಿಕೊಳ್ಳಲು ಹೋಗಿ, ಆಮೇಲೆ ಹಸುಗೂಸು ಬಿಟ್ಟು ಆಫೀಸಿಗೆ ಓಡಬೇಕಾಗುತ್ತದೆ. ಕಟುವಾಯಿತೇನೋ, ಇರಲಿ.

ರಾತ್ರಿ ನಿದ್ದೆ ಹತ್ತದಿದ್ದರೆ, ಸುಮ್ಮಸುಮ್ಮನೆ ಅಳು ಬರುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅತ್ತೆಗೂ ಆ ನಂಬರ್ ಕೊಡಿ. ಅವರು ಬಾಯಿ ಬಿಡುತ್ತಿಲ್ಲ ಅಂತ ನೀವೇ ಬರೆದಿದ್ದೀರಿ.

ಡೈರಿ ಸರ್ಕಲ್ ರಿಟೈರ್ಡ್:

ನಾನು ನಿಮ್ಮ ಮಾವನ ಪಾರ್ಟಿ. ಕಿದ್ವಾಯಿಯಲ್ಲಿ ಕೀಮೋ ತಗೊಂಡವನು. ಆಗ ನನ್ನ ಮಗಳು ಬಸುರಿ.

ತಾಯಿ, ಅವರು ಎದ್ದು ಹೋಗುವುದು ಮುನಿಸಿನಿಂದ ಅಲ್ಲ. ನಾನೂ ಹಾಗೇ ಮಾಡುತ್ತಿದ್ದೆ. ಆ ಮಾತು ಒಂದು ಸಲ ಕಿವಿಗೆ ಬಿದ್ದರೆ, ಮಗಳ ಹೊಟ್ಟೆ ಕಂಡಾಗೆಲ್ಲ ಕಾಲು ತಾನಾಗಿ ಹಿಂದೆ ಸರಿಯುತ್ತದೆ. ನೀವು ಎಷ್ಟು ಸಮಾಧಾನ ಹೇಳಿದರೂ ಅವರು ನಂಬಲ್ಲ, ಸೊಸೆ ಒಳ್ಳೆಯವಳು, ಅದಕ್ಕೇ ಹಾಗಂತಾಳೆ ಅಂದುಕೊಳ್ಳುತ್ತಾರೆ. ಮುಂದಿನ ಸಲ ಡಾಕ್ಟರ ಹತ್ತಿರ ನೀವೂ ಹೋಗಿ, ಅವರ ಎದುರಿಗೇ ಕೇಳಿ. "ಸಾರ್, ನಾನು ಮಾವನ ಪಕ್ಕ ಕೂರಬಹುದಾ?" ಡಾಕ್ಟರ ಬಾಯಿಂದ ಬಂದರೆ ಬೇರೆ.

ಮತ್ತೆ, ಉಲ್ಲನ್ ಗ್ಲೌಸ್ ಹಾಕಿಕೊಂಡು ಫ್ರಿಜ್ ತೆಗೆಯಬಹುದು. ನಾನು ಅದನ್ನು ಫ್ರಿಜ್ ಹಿಡಿಗೇ ಸಿಕ್ಕಿಸಿಟ್ಟಿದ್ದೆ. ಹಾಲು ಪಾತ್ರೆಗೆ ಸುರಿದು ಒಲೆ ಹತ್ತಿಸಿ ಗ್ಲೌಸ್ ತೆಗೆಯುವುದು. ಲೋಟ ಮಾತ್ರ ಪಿಂಗಾಣಿದು ಕೊಡಿ, ಬಿಸಿ ಕಾಫಿ ಇದ್ದರೆ ಕೈಗೆ ಹಿತ. ನಿಮ್ಮ ಮಾವನ ಕಾಫಿ ಕೆಲಸ ಕಿತ್ತುಕೊಳ್ಳಬೇಡಿ ಮಾರಾಯ್ರೆ. ರಿಟೈರ್ ಆದವನಿಗೆ ಮನೆಯಲ್ಲಿ ಉಳಿದಿರುವ ಅಧಿಕಾರ ಅದೊಂದೇ.

ಗಿರಿನಗರದ ಸೊಸೆ:

ಎಲ್ಲರಿಗೂ ಥ್ಯಾಂಕ್ಸ್. ಕಮೋಡ್ ಸ್ಟೂಲ್ ಬಂತು. ಹೌದು, ನಾನು ಕೆಲಸದಲ್ಲಿದ್ದೇನೆ, ಮನೆಯಿಂದಲೇ. ಅದಕ್ಕೇ ಎಲ್ಲರೂ ನಾನು ಮನೆಯಲ್ಲೇ ಇದ್ದೀನಲ್ವಾ ಅಂದುಕೊಳ್ಳುತ್ತಾರೆ.

ಹೆರಿಗೆ ಇಲ್ಲೇ ಅಂತ ಅಪ್ಪನಿಗೆ ಹೇಳಿದೆ. ಒಂದು ದಿನ ಮಾತು ಬಿಟ್ಟರು, ಆಮೇಲೆ ಅಮ್ಮ ಒಪ್ಪಿಸಿದರು. ಆದರೆ ಸೀಮಂತ ಚೆನ್ನಾಗಿ ಆಗಲೇಬೇಕು ಅಂತ ಷರತ್ತು. ಹಾಸನದಿಂದ ಒಂದು ಟೆಂಪೋ ಟ್ರಾವೆಲರ್ ಜನ ಬರುತ್ತಾರೆ. ನೈಟ್ ಡ್ಯೂಟಿ ಅವರೇ, ಯಾವ ದಿನ ಇಟ್ಟುಕೊಳ್ಳಲಿ? ಪಂಪ್ ತೆಗೆದ ವಾರವೇ ಮುಗಿಸಿಬಿಡೋಣ ಅಂತಾರೆ ನಮ್ಮನೆಯವರು. ಮತ್ತೆ ಮಗು ಹುಟ್ಟಿದ ಮೇಲೆ ಮಾವ ಎತ್ತಿಕೊಳ್ಳಬಹುದಾ?

ನೈಟ್ ಡ್ಯೂಟಿ:

ಆ ವಾರ ಬೇಡ, ಅವರಿಗೆ ಅನ್ನದ ವಾಸನೆಯೇ ಆಗಲ್ಲ. ಅದರ ಮುಂದಿನ ವಾರದಲ್ಲೂ ಬಿಳಿ ಕಣ ಕಡಿಮೆ ಇರುವ ದಿನಗಳು ಬರುತ್ತವೆ, ಸಾಮಾನ್ಯವಾಗಿ ಏಳರಿಂದ ಹದಿನಾಲ್ಕನೇ ದಿನದ ಮಧ್ಯೆ. ಮುಂದಿನ ಡ್ರಿಪ್‌ಗೆ ಮುಂಚೆ ರಕ್ತಪರೀಕ್ಷೆ ಹೇಗೂ ಇರುತ್ತದೆ. ಅದರ ರಿಪೋರ್ಟ್ ಚೆನ್ನಾಗಿದ್ದರೆ ಮಾರನೇ ದಿನ ಇಟ್ಟುಕೊಳ್ಳಿ, ಬೇಕಾದರೆ ಡ್ರಿಪ್ ಒಂದೆರಡು ದಿನ ಮುಂದೆ ಹಾಕಬಹುದಾ ಅಂತ ಡಾಕ್ಟರನ್ನೇ ಕೇಳಿ. ಮನೆಯಲ್ಲಿ ಜನ ಸೇರಿಸಬೇಡಿ, ಹತ್ತಿರದ ಯಾವುದಾದರೂ ಪಾರ್ಟಿ ಹಾಲ್ ಹಿಡಿಯಿರಿ. ಮಾವ ಮಾಸ್ಕ್ ಹಾಕಿಕೊಂಡು ಆರತಿ ಹೊತ್ತಿಗೆ ಬಂದು ಅಕ್ಷತೆ ಹಾಕಿ ಹೊರಡಲಿ.

ಮಗುವನ್ನು ಧಾರಾಳವಾಗಿ ಎತ್ತಿಕೊಳ್ಳಲಿ, ಕೈ ತೊಳೆದುಕೊಂಡು. ಡಯಾಪರ್ ಮಾತ್ರ ಅವರು ಬದಲಾಯಿಸುವುದು ಬೇಡ. ನಮ್ಮಲ್ಲಿ ಹುಟ್ಟಿದ ತಕ್ಷಣ ಹಾಕುವ ಪೋಲಿಯೋ ಹನಿ, ಆಮೇಲಿನ ರೋಟಾವೈರಸ್ ಹನಿ, ಎರಡರಲ್ಲೂ ಜೀವಂತ ವೈರಸ್ ಇರುತ್ತದೆ, ಮಗುವಿನ ಮಲದಲ್ಲಿ ಕೆಲವು ವಾರ ಹೊರಬರುತ್ತದೆ. ಕೀಮೋದಲ್ಲಿರುವವರಿಗೆ ಅದು ಒಳ್ಳೆಯದಲ್ಲ. ಹೆರಿಗೆಗೆ ಮುಂಚೆಯೇ ಮಕ್ಕಳ ಡಾಕ್ಟರಿಗೆ ಮನೆಯಲ್ಲಿ ಇಂಥವರಿದ್ದಾರೆ ಅಂತ ಹೇಳಿಡಿ, ಹನಿ ಬದಲು ಇಂಜೆಕ್ಷನ್ ಪೋಲಿಯೋ ಕೊಡಬಹುದಾ ಕೇಳಿ. ನಿಮ್ಮ ತಾಯಿ ಕಾರ್ಡ್ ಮೇಲೂ ಬರೆಸಿಬಿಡಿ, ಲೇಬರ್ ವಾರ್ಡಿನ ಗಡಿಬಿಡಿಯಲ್ಲಿ ಯಾರೂ ಕೇಳಿ ಹನಿ ಹಾಕುವುದಿಲ್ಲ.